ಶಿರಸಿಗೆ ಬಂದ ಹೊಸ ಸರ್ಜನ್: ಹೊಟ್ಟೆ ಆಪರೇಷನ್ ಇಲ್ಲೇ ಮಾಡಿಸೋದಾ, ಹುಬ್ಬಳ್ಳಿ-ಮಣಿಪಾಲಕ್ಕೆ ಹೋಗೋದಾ?

ತೋಟದಮನೆ (ಶಿರಸಿ):
ಎಲ್ಲರಿಗೂ ನಮಸ್ಕಾರ. ನಮ್ಮ ಆಯಿಗೆ 64 ವರ್ಷ. ಸುಮಾರು ದಿನದಿಂದ ಊಟ ಆದಮೇಲೆ ಬಲಗಡೆ ಪಕ್ಕೆಲುಬಿನ ಅಡಿಗೆ ನೋವು ಅನ್ನುತ್ತಿದ್ದಳು. ಗ್ಯಾಸ್ ಇರಬೇಕು ಅಂತ ಓಮದ ನೀರು ಕುಡಿದು ಸುಮ್ಮನಾಗುತ್ತಿದ್ದಳು. ಮೊನ್ನೆ ಒಂದು ಉಪನಯನದಲ್ಲಿ ಹೋಳಿಗೆ, ತುಪ್ಪ ಉಂಡು ಬಂದ ರಾತ್ರಿ ನೋವು ಬೆನ್ನಿಗೂ ಬಲ ಭುಜಕ್ಕೂ ಹೊಡೆಯಿತು. ವಾಂತಿಯೂ ಆಯಿತು. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ಆಪರೇಷನ್ ಬೇಕು ಅಂದಿದ್ದಾರೆ.

ಇಲ್ಲಿ ಒಂದು ನರ್ಸಿಂಗ್ ಹೋಮ್‌ಗೆ ಈಚೆಗೆ ಒಬ್ಬ ಜನರಲ್ ಸರ್ಜನ್ ಬಂದಿದ್ದಾರೆ. ಹೊಟ್ಟೆ ಆಪರೇಷನ್‌ನಲ್ಲಿ ಹುಷಾರು ಅಂತ ಪೇಟೆಯಲ್ಲಿ ಮಾತು. ಬೋರ್ಡಿನ ಮೇಲೆ ಎಂಬಿಬಿಎಸ್, ಎಂಎಸ್ ಆದಮೇಲೆ ಎಫ್‌ಐಎಜಿಇಎಸ್, ಎಫ್‌ಎಂಎಎಸ್ ಅಂತೆಲ್ಲ ಉದ್ದಕ್ಕೆ ಇದೆ. ಭಾವ ಮಣಿಪಾಲಕ್ಕೆ ಹೋಗಿ ಅನ್ನುತ್ತಾನೆ. ಚಿಕ್ಕಪ್ಪ ಬಾಳೆದಿಂಡಿನ ರಸ ಕುಡಿಸಿ ಅನ್ನುತ್ತಾನೆ. ಒಬ್ಬ ಸರ್ಜನ್‌ನ ಹಿನ್ನೆಲೆಯನ್ನು ನಮ್ಮಂಥವರು ಹೇಗೆ ನೋಡಬೇಕು? ಗೊತ್ತಿದ್ದವರು ಹೇಳಿ. ಡಾಕ್ಟರ ಹೆಸರು ಕೇಳಬೇಡಿ, ಇಲ್ಲಿ ಹಾಕುವುದಿಲ್ಲ.

ಅಘನಾಶಿನಿ (ಕುಮಟಾ):
ಚಿಕ್ಕಪ್ಪನಿಗೆ ಮೊದಲು ಹೇಳಿ, ಬಾಳೆದಿಂಡು ಮೂತ್ರಪಿಂಡದ ಕಲ್ಲಿಗೆ ಅಂತ ಜನ ಕುಡಿಯೋದು. ಇದು ಪಿತ್ತಕೋಶ. ಕಲ್ಲು ಬೇರೆ, ಜಾಗ ಬೇರೆ. ಪಲ್ಯ ಮಾಡಿ ಬಡಿಸಿ, ಅಷ್ಟೇ.

ಪಿಜಿ_ಯಲ್ಲಾಪುರ:
ನಾನು ಯಲ್ಲಾಪುರದವನು, ಸದ್ಯ ಸರ್ಜರಿಯಲ್ಲಿ ಪಿಜಿ ಮಾಡುತ್ತಿದ್ದೇನೆ. ಬೋರ್ಡ್ ಓದುವುದು ಹೇಗೆ ಅಂತ ಹೇಳ್ತೇನೆ.

ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಎಂಎಸ್ ಜನರಲ್ ಸರ್ಜರಿ ಮೂರು ವರ್ಷ. ಇದರ ಬದಲಿಗೆ ಡಿಎನ್‌ಬಿ ಅಂತ ಇದ್ದರೆ ಮೂಗು ಮುರಿಯಬೇಡಿ, ಅದೂ ಸಮಾನವೇ. ಅಪೆಂಡಿಕ್ಸ್, ಹರ್ನಿಯಾ, ಪಿತ್ತಕೋಶ, ಹುಣ್ಣು ಒಡೆದು ಕರುಳಲ್ಲಿ ತೂತಾಗಿದ್ದು, ಕರುಳು ಕಟ್ಟಿಕೊಂಡಿದ್ದು, ಇವೆಲ್ಲ ಜನರಲ್ ಸರ್ಜನ್‌ನ ದಿನನಿತ್ಯದ ಕೆಲಸ. ಅದರ ಮೇಲೆ ಇನ್ನೂ ಮೂರು ವರ್ಷ ಓದಿದರೆ ಎಂಸಿಎಚ್ ಸರ್ಜಿಕಲ್ ಗ್ಯಾಸ್ಟ್ರೋ. ಅವರು ಲಿವರ್, ಮೇದೋಜೀರಕ ಗ್ರಂಥಿ, ಅನ್ನನಾಳದ ದೊಡ್ಡ ಕೆಲಸಕ್ಕೆ. ಬರೀ ಪಿತ್ತಕೋಶದ ಕಲ್ಲಿಗೆ ಎಂಸಿಎಚ್‌ನವರೇ ಬೇಕು ಅಂತ ಹಠ ಬೇಡ.

ನೀವು ಬರೆದ ಎಫ್ ಅಕ್ಷರದವು ಫೆಲೋಶಿಪ್‌ಗಳು. ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನಿಂದ ಮಾಡುವ ಆಪರೇಷನ್‌ನಲ್ಲಿ, ತರಬೇತಿ ಪಡೆದು ಪರೀಕ್ಷೆ ಕೊಟ್ಟಿದ್ದಾರೆ ಅಂತ ಅರ್ಥ. ಒಳ್ಳೆಯದೇ. ಆದರೆ ಅವು ಕಡಿಮೆ ಅವಧಿಯ ಕೋರ್ಸು. ಮೂರು ವರ್ಷದ ಎಂಸಿಎಚ್ ಜೊತೆ ತೂಗಬೇಡಿ. ಬೋರ್ಡು ಉದ್ದ ಇದ್ದಷ್ಟೂ ಕೈ ಚೆನ್ನಾಗಿದೆ ಅಂತೇನಿಲ್ಲ. ನಮ್ಮ ವಿಭಾಗದಲ್ಲಿ ಅತ್ಯಂತ ಚೆನ್ನಾಗಿ ಹೊಟ್ಟೆ ಆಪರೇಷನ್ ಮಾಡುವವರ ಬಾಗಿಲಲ್ಲಿ ಇರೋದು ಎರಡೇ ಡಿಗ್ರಿ.

ಇನ್ನೊಂದು, ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಲೇಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಹೆಸರು, ಸಂಖ್ಯೆ ಹಾಕಿ ಹುಡುಕಬಹುದು. ಮುಜುಗರ ಪಡುವಂಥದ್ದೇನಿಲ್ಲ.

ಬೈತಖೋಲ್ (ಕಾರವಾರ):
ಡಿಗ್ರಿ ಇರಲಿ ಮಾರಾಯ್ರೆ. ಲೈಸೆನ್ಸ್ ಇದ್ದವರೆಲ್ಲ ಮಳೆಗಾಲದ ರಾತ್ರಿ ದೇವಿಮನೆ ಘಾಟಿ ಇಳಿಸ್ತಾರಾ? ಹೊಟ್ಟೆ ತೆರೆದಮೇಲೆ ಒಳಗೆ ಬೇರೆಯದೇ ಕಂಡರೆ ಏನು ಮಾಡ್ತಾರೆ, ಅದು ಮುಖ್ಯ.

ನಮ್ಮ ಅಪ್ಪನಿಗೆ ಹರ್ನಿಯಾ ಇತ್ತು. ಬೆಲ್ಟ್ ಕಟ್ಟಿಕೊಂಡೇ ಬೋಟಿಗೆ ಹೋಗುತ್ತಿದ್ದರು. ಒಂದು ರಾತ್ರಿ ಗಂಟು ಒಳಗೆ ಹೋಗಲೇ ಇಲ್ಲ. ಕಲ್ಲಿನ ಹಾಗೆ ಗಟ್ಟಿ, ಮುಟ್ಟಿದರೆ ಕೂಗು. ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಸರ್ಜನ್ ಇದ್ದಾರೆ, ಬರ್ತಾರೆ ಅಂದರು. ಡ್ರಿಪ್ ಹಾಕಿ ಕೂರಿಸಿದರು. ಬೆಳಗಿನ ಜಾವದವರೆಗೂ ಬರ್ತಾರೆ, ಬರ್ತಾರೆ. ಕೊನೆಗೆ "ಗೋವಾಕ್ಕೆ ಕರ್ಕೊಂಡು ಹೋಗಿ" ಅಂತ ಚೀಟಿ ಕೊಟ್ಟರು. ಅಷ್ಟರಲ್ಲಿ ಸಿಕ್ಕಿಕೊಂಡ ಕರುಳಿನ ಒಂದು ತುಂಡು ಕಪ್ಪಾಗಿ ಹೋಗಿತ್ತು. ಕತ್ತರಿಸಿ ಜೋಡಿಸಿದರು. ಅಪ್ಪ ಉಳಿದರು. ಆದರೆ ಆ ಚೀಟಿಯನ್ನು ರಾತ್ರಿ ಹೋದಕೂಡಲೇ ಕೊಟ್ಟಿದ್ದರೆ? ಆ ಸಿಟ್ಟು ಇನ್ನೂ ಇಳಿದಿಲ್ಲ. ನನ್ನಿಂದ ಆಗೋದಿಲ್ಲ, ಈಗಲೇ ಹೋಗಿ ಅಂತ ಹೇಳುವ ಡಾಕ್ಟರ್ ನನಗೆ ದೊಡ್ಡವರು.

ಗಂಗಾವಳಿ (ಅಂಕೋಲಾ):
ಬೈತಖೋಲ್ ಅವರೇ, ನಮ್ಮ ಜಿಲ್ಲೆಯ ಕತೆಯೇ ಇದು. ಕಾರವಾರದವರಿಗೆ ಗೋವಾದ ಬಾಂಬೋಲಿ ಆಸ್ಪತ್ರೆ, ಭಟ್ಕಳದವರಿಗೆ ಮಣಿಪಾಲ, ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ. 2016ರಿಂದ ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ, ನಿಜ. ಆದರೂ ದೊಡ್ಡದು ಅಂದಕೂಡಲೇ ಜನ ಗಾಡಿ ಹತ್ತುತ್ತಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಕಡೆಯ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ಕು ಜನ ಹೋದರಲ್ಲ. 2024ರ ಜುಲೈಯಲ್ಲಿ ನಮ್ಮ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಬಂದ್ ಆಯಿತು. ಶಿರೂರು ಎರಡು, ಹೆದ್ದಾರಿ ಒಂದೇ. ಅಂಥ ದಿನ ಯಾರದಾದರೂ ಅಪೆಂಡಿಕ್ಸ್ ಒಡೆದರೆ ಹತ್ತಿರದಲ್ಲಿರುವ ಸರ್ಜನ್ನೇ ದೇವರು. ಅದಕ್ಕೇ ಸಣ್ಣ ಊರಿಗೆ ಒಳ್ಳೆಯ ಜನರಲ್ ಸರ್ಜನ್ ಬಂದರೆ ಉಳಿಸಿಕೊಳ್ಳಬೇಕು.

ಸಿಸ್ಟರ್_ಹೊನ್ನಾವರ:
ನಾನು ನಿವೃತ್ತ ಓಟಿ (ಆಪರೇಷನ್ ಥಿಯೇಟರ್) ನರ್ಸ್. ತಮಾ, ನೀನು ಸರ್ಜನ್ ಒಬ್ಬರನ್ನೇ ನೋಡುತ್ತಿದ್ದೀಯ. ಓಟಿಯ ಒಳಗೆ ಅವರು ಒಬ್ಬರೇ ಇರೋದಿಲ್ಲ.

ಮೊದಲು ಕೇಳಬೇಕಾದ್ದು ಅನಸ್ತೇಶಿಯಾ ಡಾಕ್ಟರ್ ಯಾರು ಅಂತ. ಸಣ್ಣ ಊರಲ್ಲಿ ಒಬ್ಬರೇ ನಾಲ್ಕು ಕಡೆ ಓಡಾಡುತ್ತಾರೆ. ಆಪರೇಷನ್‌ಗೆ ಬರುತ್ತಾರೆ, ಮುಗಿಸಿ ಹೋಗುತ್ತಾರೆ. ರಾತ್ರಿ ಆಯಿಗೆ ಉಸಿರು ಹೆಚ್ಚುಕಮ್ಮಿಯಾದರೆ ಯಾರು ಬರುತ್ತಾರೆ? ಐಸಿಯು ಇದೆಯಾ? ರಕ್ತ ಎಲ್ಲಿಂದ ತರುತ್ತಾರೆ? ಸಿಟ್ಟಾಗದೆ ಉತ್ತರ ಹೇಳಿದರೆ ಅರ್ಧ ಪಾಸು.

ಇನ್ನರ್ಧ ನಿಮಗೆ ಕಾಣುವುದಿಲ್ಲ. ಹೊಟ್ಟೆ ತೆರೆದ ಕೇಸಿನಲ್ಲಿ ರಕ್ತ ಒತ್ತಲು ದೊಡ್ಡ ಬಟ್ಟೆಯ ಮಾಪ್ ಬಳಸುತ್ತೇವೆ. ಪ್ರತಿ ಮಾಪ್‌ಗೂ ಒಂದು ಲಾಡಿ. ಒಳಗೆ ಇಟ್ಟಾಗ ಲಾಡಿಯ ತುದಿಗೆ ಆರ್ಟರಿ ಫೋರ್ಸೆಪ್ಸ್ (ಇಕ್ಕಳ) ಕಚ್ಚಿಸಿ ಹೊರಗೆ ನೇತುಬಿಡುತ್ತೇವೆ. ಶುರುವಿಗೆ ಎಣಿಸಿ ಗೋಡೆಯ ಬೋರ್ಡಿನಲ್ಲಿ ಬರೆಯೋದು, ಮುಚ್ಚುವ ಮೊದಲು ಮತ್ತೆ ಎಣಿಸೋದು. ನಾನು ಕೆಲಸ ಮಾಡಿದ ಸರ್ಜನ್ ಒಬ್ಬರು, "ಸಿಸ್ಟರ್, ಕೌಂಟ್?" ಅಂತ ಕೇಳಿ ಕೈ ಮೇಲೆ ಹಿಡಿದು ನಿಲ್ಲುತ್ತಿದ್ದರು. ನಾನು "ಸರಿ ಇದೆ" ಅನ್ನುವವರೆಗೆ ಹೊಲಿಗೆಯ ಸೂಜಿ ಮುಟ್ಟುತ್ತಿರಲಿಲ್ಲ. ಒಮ್ಮೆ ಒಂದು ಕಮ್ಮಿ ಬಂತು. ರಾತ್ರಿ ಎರಡು ಗಂಟೆ, ಎಲ್ಲರಿಗೂ ಸುಸ್ತು. ಆದರೂ ಹುಡುಕಿಸಿದರು. ಬಕೆಟ್ಟಿನಲ್ಲಿ ಇನ್ನೊಂದಕ್ಕೆ ಅಂಟಿಕೊಂಡಿತ್ತು. ಅದೇ ಸರ್ಜನ್ ಹೊರಗೆ ರೋಗಿಯ ಕಡೆಯವರ ಹತ್ತಿರ ಎರಡು ಮಾತಿಗಿಂತ ಜಾಸ್ತಿ ಆಡುತ್ತಿರಲಿಲ್ಲ. ಜನ ಅವರಿಗೆ ಸೊಕ್ಕು ಅನ್ನುತ್ತಿದ್ದರು.

ಕೊನೆಕೊಯ್ಲು (ಸಿದ್ದಾಪುರ):
ನನ್ನದೊಂದು ಅನುಭವ. ನಮ್ಮ ತೋಟದಲ್ಲಿ ಕೊನೆಗೌಡ ಅಡಿಕೆ ಮರದಿಂದ ಬಿದ್ದ. ಮರದಿಂದ ಮರಕ್ಕೆ ದಾಟುವಾಗ ಜಾರಿದ್ದು. ಹೊರಗೆ ಗಾಯ ಇಲ್ಲ, ಎಡ ಪಕ್ಕೆ ಮಾತ್ರ ನೋವು. ಎದ್ದು ಕೂತು ಕವಳ ಕೇಳಿದ! ಜೀಪಿನಲ್ಲಿ ಹಾಕಿಕೊಂಡು ಹೋದೆವು. ಸ್ಕ್ಯಾನಿಂಗ್‌ನಲ್ಲಿ ಗುಲ್ಮ (ಸ್ಪ್ಲೀನ್) ಬಿರಿದಿದೆ, ಹೊಟ್ಟೆಯಲ್ಲಿ ರಕ್ತ ಇದೆ ಅಂದರು. ನಾವು ಆಪರೇಷನ್ ಅಂದುಕೊಂಡೇ ಇದ್ದೆವು. ಸರ್ಜನ್ "ಈಗ ಕೊಯ್ಯೋದಿಲ್ಲ" ಅಂದರು. ಬಿಪಿ ಇಳಿಯದೆ ನಿಂತಿದೆ, ನೋಡೋಣ ಅಂತ. ರಾತ್ರಿಯಿಡೀ ಗಂಟೆ ಗಂಟೆಗೆ ನಾಡಿ, ಬಿಪಿ. ಮತ್ತೆ ಮತ್ತೆ ರಕ್ತ ಪರೀಕ್ಷೆ. ಓಟಿ ತಯಾರಿಟ್ಟು, ರಕ್ತ ತಂದಿಟ್ಟು, ಕೊಯ್ಯದೇ ಕಾದರು. ಹಾಗೇ ಗುಣವಾಯಿತು. ಅವನ ಅಣ್ಣನಿಗೆ ಸಮಾಧಾನವಿಲ್ಲ. "ಏನೂ ಮಾಡದೆ ಬಿಲ್ ಹಾಕಿದರು" ಅಂತ ಊರೆಲ್ಲ ಹೇಳಿಕೊಂಡು ಬಂದ.

ಪಿಜಿ_ಯಲ್ಲಾಪುರ:
ಕೊನೆಕೊಯ್ಲು ಅವರೇ, ಆ ಅಣ್ಣನಿಗೆ ಹೇಳಿ, ಅವತ್ತು ನಡೆದದ್ದೇ ಕಷ್ಟದ ಕೆಲಸ. ಗುಲ್ಮ ತೆಗೆದರೆ ಕೆಲವು ಸೋಂಕುಗಳ ಭಯ ಜೀವನಪೂರ್ತಿ. ನ್ಯುಮೊಕಾಕಸ್, ಮೆನಿಂಗೊಕಾಕಸ್ ಲಸಿಕೆಗಳನ್ನೆಲ್ಲ ಕೊಡಬೇಕು. ಬಿಪಿ ಇಳಿಯದೆ ನಿಂತಿದ್ದರೆ, ಕಣ್ಣಿಟ್ಟು ಕಾಯಲು ಜನ ಇದ್ದರೆ, ಉಳಿಸಿಕೊಳ್ಳುವುದೇ ಈಗಿನ ರೀತಿ. ಬಿಪಿ ಬೀಳುತ್ತಿದ್ದರೆ ಮಾತ್ರ ಹೊಟ್ಟೆ ತೆರೆಯಲೇಬೇಕು, ಅಲ್ಲಿ ತಡ ಮಾಡುವಂತಿಲ್ಲ. ಕತ್ತಿ ಯಾವಾಗ ಹಿಡಿಯಬಾರದು ಅನ್ನೋದನ್ನು ಕಲಿಯಲು ನಮಗೆ ಪಿಜಿಯ ಮೂರು ವರ್ಷವೂ ಸಾಲುವುದಿಲ್ಲ.

ಸೋಂದಾ_ಹುಡುಗ:
ಪೇಟೆಯಲ್ಲಿ ಆಯುರ್ವೇದದ ಎಂಎಸ್ ಬೋರ್ಡೂ ಇದೆಯಲ್ಲ? 2020ರಲ್ಲಿ ಕೇಂದ್ರದವರು 58 ಬಗೆಯ ಶಸ್ತ್ರಚಿಕಿತ್ಸೆಯ ಪಟ್ಟಿ ಹೊರಡಿಸಿದ್ದರು. ಅವರು ಮಾಡಿದರೆ ಏನು ತಪ್ಪು?

ಅಘನಾಶಿನಿ (ಕುಮಟಾ):
ಶುರುವಾಯ್ತು.

ನಿರ್ವಾಹಕ:
ಆ ವಾದಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೋಗಿ. ಇಲ್ಲಿ ಇಷ್ಟು ಸಾಕು: ಎಂಎಸ್ ಅಂತ ಕಂಡರೆ ಯಾವ ಪದ್ಧತಿಯ, ಯಾವ ವಿಷಯದ ಎಂಎಸ್ ಅಂತ ಕೇಳಿ ತಿಳಿದುಕೊಳ್ಳಿ. ಕಣ್ಣಿನ ಡಾಕ್ಟರಿಗೂ ಎಂಎಸ್ ಇರುತ್ತದೆ.

ತೋಟದಮನೆ (ಶಿರಸಿ):
ಎಲ್ಲರಿಗೂ ಧನ್ಯವಾದ. ಸಿಸ್ಟರ್ ಅಕ್ಕ, ನಿಮ್ಮ ಪ್ರಶ್ನೆಗಳನ್ನು ಬರೆದುಕೊಂಡಿದ್ದೇನೆ. ಒಂದು ಅನುಮಾನ. ಲ್ಯಾಪ್ರೋಸ್ಕೋಪಿ ಶುರು ಮಾಡಿ, ಮಧ್ಯದಲ್ಲಿ ಬಿಟ್ಟು ಹೊಟ್ಟೆ ಕೊಯ್ದ ಕೇಸು ನಮ್ಮ ಕೇರಿಯಲ್ಲೇ ಇದೆ. ಅಂದರೆ ಆ ಸರ್ಜನ್‌ಗೆ ಬರೋದಿಲ್ಲ ಅಂತಲಾ?

ಪಿಜಿ_ಯಲ್ಲಾಪುರ:
ಅಲ್ಲ, ಅಲ್ಲ. ಈ ಮಾತು ಎಲ್ಲ ಕಡೆ ಕೇಳ್ತೇನೆ.

ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸಿ, ಸಾಮಾನ್ಯವಾಗಿ ನಾಲ್ಕು ಸಣ್ಣ ತೂತಿನಲ್ಲಿ ಕ್ಯಾಮೆರಾ, ಸಲಕರಣೆ ಹಾಕಿ ಮಾಡುವ ಕೆಲಸ ಅದು. ಪಿತ್ತಕೋಶಕ್ಕೆ ಹೋಗುವ ಸಣ್ಣ ನಾಳ, ಸಣ್ಣ ರಕ್ತನಾಳ, ಈ ಎರಡಕ್ಕೆ ಮಾತ್ರ ಕ್ಲಿಪ್ ಹಾಕಿ ಕತ್ತರಿಸಬೇಕು. ಪಕ್ಕದಲ್ಲೇ ಲಿವರ್‌ನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳ. ಉರಿಯೂತ ಆಗಿ ಎಲ್ಲ ಅಂಟಿಕೊಂಡಿದ್ದರೆ ಯಾವುದು ಯಾವುದು ಅಂತಲೇ ತಿಳಿಯೋದಿಲ್ಲ. ತಪ್ಪಿ ಮುಖ್ಯ ನಾಳ ಕತ್ತರಿಸಿದರೆ ರೋಗಿಗೆ ವರ್ಷಗಟ್ಟಲೆ ಗೋಳು. ಎರಡೂ ಸ್ಪಷ್ಟ ಕಾಣುವವರೆಗೆ ಕ್ಲಿಪ್ ಹಾಕಬಾರದು ಅನ್ನೋದು ನಮಗೆ ಮೊದಲ ಪಾಠ. ಕಾಣದಿದ್ದರೆ ಹೊಟ್ಟೆ ತೆರೆಯುವುದು ವಿವೇಕ. ಒಪ್ಪಿಗೆ ಪತ್ರದಲ್ಲೇ ಅದನ್ನು ಬರೆದಿರುತ್ತಾರೆ, ಸಹಿ ಹಾಕುವ ಮೊದಲು ಓದಿ.

ಅಂದಹಾಗೆ, ಈ ವಿಧಾನದಲ್ಲಿ ಪಿತ್ತಕೋಶ ಮೊದಲು ತೆಗೆದದ್ದು 1985ರಲ್ಲಿ, ಜರ್ಮನಿಯ ಎರಿಕ್ ಮ್ಯೂಹೆ. ಅಲ್ಲಿನ ಸರ್ಜನ್‌ಗಳೇ ಮೊದಲು ಒಪ್ಪಲಿಲ್ಲ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈನ ಡಾ. ತೆಹೆಮ್ಟನ್ ಉದ್ವಾಡಿಯಾ ಶುರು ಮಾಡಿದರು.

ಸಿಸ್ಟರ್_ಹೊನ್ನಾವರ:
ಅದಕ್ಕೂ ಮೊದಲಿನ ಕಾಲ ನಾನು ನೋಡಿದ್ದೇನೆ. ಬಲ ಪಕ್ಕೆಲುಬಿನ ಗುಂಟ ಓರೆಯಾಗಿ ಗೇಣುದ್ದ ಕೊಯ್ಯುತ್ತಿದ್ದರು. ಕೆಮ್ಮಿದರೆ ಜೀವ ಹೋದಂಗೆ ಅನ್ನುತ್ತಿದ್ದರು ಪಾಪ. ತಲೆದಿಂಬು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಿಸುತ್ತಿದ್ದೆವು. ಈಗಿನ ಹುಡುಗ ಸರ್ಜನ್‌ಗಳಲ್ಲಿ ಕೆಲವರಿಗೆ ತೂತಿನ ಕೆಲಸ ಚೆನ್ನಾಗಿ ಬರುತ್ತದೆ, ತೆರೆದು ಮಾಡಿದ ಅಭ್ಯಾಸ ಕಡಿಮೆ. ಹಾಗಾಗಿ "ಓಪನ್ ಮಾಡುವ ಪ್ರಸಂಗ ಬಂದರೆ ನೀವೇ ಮಾಡ್ತೀರಾ, ಜೊತೆಗೆ ಯಾರಾದರೂ ಹಿರಿಯರು ಇರ್ತಾರಾ" ಅಂತ ಕೇಳು ತಮಾ.

ಮತ್ತೆ, ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸಲೇಬೇಕು. ಕಲ್ಲನ್ನು ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ, ಜನ ಅದನ್ನೇ ನೆಂಟರಿಗೆಲ್ಲ ತೋರಿಸುತ್ತಾ ಕೂರುತ್ತಾರೆ. ಬಯಾಪ್ಸಿ ರಿಪೋರ್ಟ್ ತರಲು ಮರೆತುಬಿಡುತ್ತಾರೆ.

ತೋಟದಮನೆ (ಶಿರಸಿ):
ಇವತ್ತು ಆ ಸರ್ಜನ್‌ಗೆ ತೋರಿಸಿ ಬಂದೆವು. ಆಯಿಯನ್ನು ಮಲಗಿಸಿ, ಬಲ ಪಕ್ಕೆಲುಬಿನ ಅಡಿಗೆ ಬೆರಳು ಒತ್ತಿ ಹಿಡಿದು "ನಿಧಾನ ಉಸಿರು ಎಳ್ಕೊಳ್ಳಿ ಅಮ್ಮಾ" ಅಂದರು. ಅರ್ಧ ಎಳೆದವಳು ತಟ್ಟನೆ ನಿಲ್ಲಿಸಿ ಅವರ ಕೈ ಹಿಡಿದುಕೊಂಡಳು. ಅವರು ತಲೆ ಆಡಿಸಿದರು. ಆಮೇಲೆ ಕಣ್ಣಿನ ರೆಪ್ಪೆ ಎಳೆದು ಕಿಟಕಿ ಕಡೆ ತಿರುಗಿಸಿ ನೋಡಿದರು. ಸ್ಕ್ಯಾನಿಂಗ್ ರಿಪೋರ್ಟನ್ನು ಎರಡು ಸಲ ಓದಿದರು. ಪಿತ್ತನಾಳ 9 ಮಿಲಿಮೀಟರ್ ಅಂತ ಇರುವಲ್ಲಿ ಪೆನ್ನಿನಿಂದ ಗೆರೆ ಎಳೆದರು. ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಅಂಶ) ಸ್ವಲ್ಪ ಏರಿದೆ.

ಚೀಟಿಯ ಹಿಂದೆ ಲಿವರ್, ಪಿತ್ತಕೋಶ, ನಾಳ ಎಲ್ಲ ಬಿಡಿಸಿ ತೋರಿಸಿದರು. ಒಂದು ಕಲ್ಲು ನಾಳಕ್ಕೆ ಜಾರಿರಬಹುದು, ಮೊದಲು ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನಿಂಗ್) ಆಗಲಿ ಅಂದರು. ಕಲ್ಲು ಇದ್ದರೆ ಬಾಯಿಯಿಂದ ದುರ್ಬೀನು ಹಾಕಿ ತೆಗೆಯಬೇಕು, ಇಆರ್‌ಸಿಪಿ, "ಅದು ನಾನು ಮಾಡುವುದಲ್ಲ, ಹುಬ್ಬಳ್ಳಿಗೆ ಹೋಗಿ" ಅಂದರು. ನಾಳ ಖಾಲಿ ಆದಮೇಲೆ ಪಿತ್ತಕೋಶ ಇಲ್ಲೂ ಆಗುತ್ತದೆ, ಅಲ್ಲೇ ಮಾಡಿಸಿದರೂ ಬೇಜಾರಿಲ್ಲ ಅಂದರು. ಚಳಿ ಜ್ವರ ಬಂದರೆ, ಕಣ್ಣು ಹಳದಿಯಾದರೆ ರಾತ್ರಿಯಾದರೂ ಕಾಯಬೇಡಿ ಅಂತ ಎರಡೆರಡು ಸಲ ಹೇಳಿದರು.

ಅಕ್ಕ ಹೇಳಿದ ಪ್ರಶ್ನೆಗಳನ್ನೂ ಕೇಳಿದೆ. ಓಪನ್ ಬಗ್ಗೆ ಕೇಳಿದಾಗ ನಕ್ಕು, "ಯಾರು ಹೇಳಿಕೊಟ್ಟದ್ದು?" ಅಂದರು. ಜಿಲ್ಲಾಸ್ಪತ್ರೆಯಲ್ಲಿ ಇದ್ದಾಗ ಒಡೆದ ಹುಣ್ಣು, ಕರುಳಿನ ಗಂಟು ಎಲ್ಲ ತೆರೆದೇ ಮಾಡಿದ್ದು, ಆಗ ಅಲ್ಲಿ ಲ್ಯಾಪ್ರೋಸ್ಕೋಪಿ ಯಂತ್ರವೇ ಸರಿ ಇರಲಿಲ್ಲವಂತೆ. ರಾತ್ರಿಗೆ ಅನಸ್ತೇಶಿಯಾ ಡಾಕ್ಟರ್ ಊರಲ್ಲೇ ಇರುತ್ತಾರೆ, ವೆಂಟಿಲೇಟರ್ ಒಂದೇ ಇದೆ ಅಂತ ಇದ್ದದ್ದು ಇದ್ದಹಾಗೆ ಹೇಳಿದರು.

ಬೈತಖೋಲ್ (ಕಾರವಾರ):
ಇವರನ್ನು ಬಿಡಬೇಡಿ.

ಭಾವ_ಮಣಿಪಾಲ:
ನಾನೇ ಆ ಭಾವ. ಈಗಲೂ ನನ್ನ ಮಾತು ಅದೇ. ಎಂಆರ್‌ಸಿಪಿ, ಇಆರ್‌ಸಿಪಿ, ಆಪರೇಷನ್ ಮೂರೂ ಒಂದೇ ಸೂರಿನಡಿ ಆಗುವಾಗ ವಯಸ್ಸಾದವರನ್ನು ಯಾಕೆ ಅಲ್ಲಿಂದಿಲ್ಲಿಗೆ ಓಡಾಡಿಸೋದು?

ಪಿಜಿ_ಯಲ್ಲಾಪುರ:
ಭಾವನ ಮಾತಲ್ಲೂ ತಪ್ಪಿಲ್ಲ. ಒಂದೇ ಸಲ ದಾಖಲಾಗಿ ಎರಡನ್ನೂ ಮುಗಿಸಿ ಬರುವವರು ಬಹಳ ಜನ. ಇಆರ್‌ಸಿಪಿ ಆದಮೇಲೆ ಪಿತ್ತಕೋಶ ತೆಗೆಯುವುದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ, ಅಷ್ಟೇ. ಇನ್ನೊಂದು ಕಲ್ಲು ಜಾರಬಹುದು. ಮನೆಯಲ್ಲಿ ಆಯಿಯ ಜೊತೆ ಯಾರು ಇರ್ತಾರೆ, ತೋಟದ ಕೆಲಸ ಯಾರು ನೋಡ್ತಾರೆ ಅನ್ನೋದೂ ಲೆಕ್ಕಕ್ಕೆ ಬರಬೇಕಲ್ಲ. ಮೇದೋಜೀರಕ ಗ್ರಂಥಿಯ ಗಡ್ಡೆ ಆಗಿದ್ದರೆ ನಾನೂ ದೊಡ್ಡ ಕಡೆಗೇ ಹೋಗಿ ಅನ್ನುತ್ತಿದ್ದೆ. ಅಂಥದ್ದನ್ನು ದಿನವೂ ಮಾಡುವ ಜಾಗದಲ್ಲೇ ಮಾಡಿಸಬೇಕು.

ಗಂಗಾವಳಿ (ಅಂಕೋಲಾ):
ಸಹಕಾರಿ ಸೊಸೈಟಿ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡ್ ಇದೆಯಾ ನೋಡಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಆ ಆಸ್ಪತ್ರೆ ಪಟ್ಟಿಯಲ್ಲಿ ಇರಬೇಕು, ಈ ಆಪರೇಷನ್ನೂ ಪಟ್ಟಿಯಲ್ಲಿ ಇರಬೇಕು, ಮುಂಚೆಯೇ ಒಪ್ಪಿಗೆ ಪಡೆಯಬೇಕು. ದಾಖಲಾದ ಮೇಲೆ ಕಾರ್ಡ್ ಹುಡುಕಿದರೆ ಪ್ರಯೋಜನವಿಲ್ಲ. ಬಿಪಿಎಲ್ ಇದ್ದರೆ ಆಯುಷ್ಮಾನ್ ವಿಚಾರಿಸಿ. ದರಪಟ್ಟಿಯನ್ನು ಆಸ್ಪತ್ರೆಯವರು ಕಾಣುವಂತೆ ಹಾಕಬೇಕು, ಹಾಕದಿದ್ದರೆ ಕೇಳಿ.

ತೋಟದಮನೆ (ಶಿರಸಿ):
ಎಲ್ಲರೂ ಕೇಳುತ್ತಿದ್ದೀರಿ, ಹೇಳಿಬಿಡ್ತೇನೆ. ನಾಳದಲ್ಲಿ ಕಲ್ಲು ಇತ್ತು. ಹುಬ್ಬಳ್ಳಿಯಲ್ಲಿ ಇಆರ್‌ಸಿಪಿ ಮಾಡಿ ತೆಗೆದು ನಾಳದಲ್ಲಿ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದರು. ಅಲ್ಲೇ ಆಪರೇಷನ್ ಮಾಡಿಸೋಣ ಅಂದರೆ ಆಯಿ ಕೇಳಲಿಲ್ಲ. "ಆ ಹುಡುಗ ಹೊಟ್ಟೆ ಮುಟ್ಟಿ ನೋಡಿದ್ದ, ಅವನೇ ಮಾಡಲಿ" ಅಂದಳು. ಭಾವ ಎರಡು ದಿನ ಮಾತು ಬಿಟ್ಟಿದ್ದ. ಶಿರಸಿಯಲ್ಲೇ ಆಯಿತು. ಪಿತ್ತಕೋಶ ದಪ್ಪಗಾಗಿ ಕೊಬ್ಬಿಗೆ ಅಂಟಿತ್ತಂತೆ, ಹೊತ್ತು ಹಿಡಿಯಿತು, ಆದರೆ ತೂತಿನಲ್ಲೇ ಮುಗಿಯಿತು. ಮರುದಿನ ಭುಜ ನೋವು ಅಂತ ಹೆದರಿದ್ದಳು.

ಪಿಜಿ_ಯಲ್ಲಾಪುರ:
ಅದು ತುಂಬಿಸಿದ ಗ್ಯಾಸಿನದು. ವಪೆಗೆ (ಎದೆ-ಹೊಟ್ಟೆಯ ನಡುವಿನ ಪದರ) ತಾಗಿ ಭುಜದಲ್ಲಿ ನೋವು ಬರುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ.

ಸಿಸ್ಟರ್_ಹೊನ್ನಾವರ:
ಒಳ್ಳೆಯದಾಯಿತು. ಬಯಾಪ್ಸಿ ಬಂತಾ? ಸ್ಟೆಂಟ್ ತೆಗೆಸುವ ತಾರೀಕು ಡಿಸ್ಚಾರ್ಜ್ ಚೀಟಿಯಲ್ಲಿ ಇದೆಯಾ ನೋಡು ತಮಾ. ನೋವು ಹೋದಮೇಲೆ ಅದು ಒಳಗಿದೆ ಅನ್ನೋದೇ ಜನಕ್ಕೆ ಮರೆತುಹೋಗುತ್ತದೆ. ವರ್ಷ ಬಿಟ್ಟು ಕಟ್ಟಿಕೊಂಡು, ಜ್ವರ ಬಂದು ಓಡಿಬಂದವರನ್ನು ನೋಡಿದ್ದೇನೆ.

ತೋಟದಮನೆ (ಶಿರಸಿ):
ಬಯಾಪ್ಸಿ ಬಂತು ಅಕ್ಕ, ಬರೀ ಹಳೆಯ ಉರಿಯೂತ, ಬೇರೇನಿಲ್ಲ. ಸ್ಟೆಂಟ್ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅವತ್ತು ಹುಬ್ಬಳ್ಳಿಗೆ ಕರೆದುಕೊಂಡು ಹೋಗೋದು ಭಾವನ ಪಾಳಿ.